ಗಂಟಲು ನೋವಿಗೆ ಔಷಧದ ಅಂಗಡಿಯಿಂದ ಏನು ತರಬೇಕು?

ಪ್ರಶ್ನೆ: ಇತ್ತೀಚೆಗೆ ನನಗೆ ವಿಪರೀತ ಗಂಟಲು ನೋವು ಬಂದು ಎಂಜಲು ನುಂಗುವುದೂ ಕಷ್ಟವಾಗಿತ್ತು. ಮೂಗು ಸೋರುತ್ತಿತ್ತು, ಸ್ವಲ್ಪ ಕೆಮ್ಮಿತ್ತು, ಜ್ವರವಿರಲಿಲ್ಲ. ಅಂಗಡಿಯಲ್ಲಿ ಪ್ಯಾರಾಸಿಟಮಾಲ್, ಶೀತದ ಮಾತ್ರೆ, ಚೀಪುವ ಮಾತ್ರೆ, ಬಾಯಿ ಮುಕ್ಕಳಿಸುವ ದ್ರಾವಣ ಎಲ್ಲವನ್ನೂ ಕೊಟ್ಟರು. 500 ಮಿಲಿಗ್ರಾಂನ ಪ್ಯಾರಾಸಿಟಮಾಲನ್ನು ಎರಡೆರಡರಂತೆ ದಿನಕ್ಕೆ ಮೂರು ಸಲ, ಜೊತೆಗೆ ಶೀತದ ಮಾತ್ರೆಯನ್ನು ಒಂದೊಂದರಂತೆ ಮೂರು ಸಲ ತೆಗೆದುಕೊಂಡೆ. ನಾಲ್ಕು ದಿನದಲ್ಲಿ ಗುಣವಾಯಿತು. ಶೀತದ ಮಾತ್ರೆಯ ಹಾಳೆಯ ಮೇಲಿನ ಬರಹವನ್ನು ನಕಲು ಮಾಡಿ ಕಳಿಸಿದ್ದೇನೆ. ಮುಂದಿನ ಸಲ ಇವುಗಳಲ್ಲಿ ಯಾವುದನ್ನು ಕೊಳ್ಳಬೇಕು? ಬಿಪಿ ಮಾತ್ರೆಯನ್ನೂ ರಕ್ತ ತೆಳುವಾಗಿಸುವ ಮಾತ್ರೆಯನ್ನೂ ಸೇವಿಸುವ ಅತ್ತೆಯವರಿಗೆ ಮತ್ತು ಮೂರು ವರ್ಷದ ಮಗನಿಗೆ ಇವನ್ನೇ ಕೊಡಬಹುದೇ? ಹಿಂದೊಮ್ಮೆ ಉಳಿದ ಆರು ಆಂಟಿಬಯೋಟಿಕ್ ಮಾತ್ರೆಗಳೂ ಮನೆಯಲ್ಲಿವೆ.

ಉತ್ತರ: ಆ ಹಾಳೆಯ ಬರಹವನ್ನು ನೀವು ಕಳಿಸಿದ್ದು ಬಹಳ ಒಳ್ಳೆಯದಾಯಿತು, ಏಕೆಂದರೆ ನಿಮ್ಮ ಪ್ರಶ್ನೆಗೆ ಉತ್ತರ ಅಲ್ಲಿಂದಲೇ ಆರಂಭವಾಗುತ್ತದೆ. ಅದರಲ್ಲಿರುವುದು ಮೂರು ಔಷಧಗಳು: ಪ್ಯಾರಾಸಿಟಮಾಲ್ 500 ಮಿಲಿಗ್ರಾಂ, ಫಿನೈಲೆಫ್ರಿನ್ ಮತ್ತು ಕ್ಲೋರ್‌ಫೆನಿರಮಿನ್. ಈಗ ಲೆಕ್ಕ ಹಾಕಿ ನೋಡಿ. ಬರಿಯ ಪ್ಯಾರಾಸಿಟಮಾಲ್ ಮಾತ್ರೆಗಳಿಂದ ದಿನಕ್ಕೆ 3000 ಮಿಲಿಗ್ರಾಂ, ಶೀತದ ಮಾತ್ರೆಯಿಂದ 1500, ಒಟ್ಟು 4500. ಆರೋಗ್ಯವಂತ ವಯಸ್ಕರಿಗೆ ದಿನದ ಮಿತಿ 4000 ಮಿಲಿಗ್ರಾಂ. ತೂಕ ಕಡಿಮೆಯಿರುವವರಿಗೆ, ಮದ್ಯಪಾನದ ಅಭ್ಯಾಸವಿರುವವರಿಗೆ, ಲಿವರಿನ ತೊಂದರೆಯಿರುವವರಿಗೆ ಅದಕ್ಕಿಂತಲೂ ಕಡಿಮೆ. ನೀವು ಯಾವ ತಪ್ಪನ್ನೂ ಬೇಕೆಂದು ಮಾಡಲಿಲ್ಲ, ಎರಡು ಬೇರೆ ಹೆಸರಿನ ಮಾತ್ರೆಗಳನ್ನು ಎರಡು ಬೇರೆ ಔಷಧಗಳೆಂದು ನಂಬಿದಿರಿ. ಪ್ಯಾರಾಸಿಟಮಾಲ್ ಮಿತಿ ಮೀರಿದಾಗ ಲಿವರಿಗೆ ಆಗುವ ಹಾನಿ ಮೊದಲ ದಿನ ಹೆಚ್ಚೇನನ್ನೂ ತೋರಿಸಿಕೊಳ್ಳದೆ ಇರಬಹುದು. ಆದ್ದರಿಂದ ಮುಂದೆಂದಾದರೂ ಮಿತಿ ಮೀರಿತೆಂದು ತಿಳಿದುಬಂದರೆ, ಚೆನ್ನಾಗಿಯೇ ಇದ್ದೇನೆ ಎನಿಸಿದರೂ ವೈದ್ಯರನ್ನು ಕಾಣಬೇಕು. ಪೆಟ್ಟಿಗೆಯ ಮೇಲೆ ದಪ್ಪಕ್ಷರದಲ್ಲಿರುವ ಹೆಸರನ್ನು ಬಿಟ್ಟು, ಕೆಳಗೆ ಸಣ್ಣ ಅಕ್ಷರದಲ್ಲಿ ಬರೆದಿರುವ ಘಟಕಗಳನ್ನು ಓದಿ ಕೊಳ್ಳುವ ಅಭ್ಯಾಸವನ್ನು ದಯವಿಟ್ಟು ಮನೆಯವರೆಲ್ಲರೂ ಮಾಡಿಕೊಳ್ಳಿ.

ಇನ್ನು ಆಯ್ಕೆಯ ವಿಚಾರ. ಗಂಟಲು ನೋವು ಹೆಚ್ಚಿನ ಸಲ ವೈರಸ್‌ಗಳಿಂದ ಬರುತ್ತದೆ ಮತ್ತು ಸುಮಾರು ಒಂದು ವಾರದೊಳಗೆ ತಾನಾಗಿ ಕಡಿಮೆಯಾಗುತ್ತದೆ. ಅಂಗಡಿಯಲ್ಲಿ ಚೀಟಿಯಿಲ್ಲದೆ ಸಿಗುವ ಯಾವ ಔಷಧವೂ ಆ ವೈರಸ್ಸನ್ನು ಓಡಿಸುವುದಿಲ್ಲ. ಅದು ಹೋಗುವವರೆಗೆ ನೀವು ನೀರು ಕುಡಿಯುವಂತೆ, ಊಟ ಮಾಡುವಂತೆ, ನಿದ್ರಿಸುವಂತೆ ನೋವನ್ನು ತಗ್ಗಿಸುವುದಷ್ಟೇ ಅವುಗಳ ಕೆಲಸ. ಈ ಕೆಲಸಕ್ಕೆ ಪ್ಯಾರಾಸಿಟಮಾಲ್ ಒಂದೇ ಸಾಕು: 500 ಮಿಲಿಗ್ರಾಂನ ಒಂದು ಅಥವಾ ಎರಡು ಮಾತ್ರೆ, ಮುಂದಿನ ಸರದಿಗೆ ಕನಿಷ್ಠ ನಾಲ್ಕು ಗಂಟೆಗಳ ಅಂತರ. ಐಬುಪ್ರೊಫೆನ್ ಕೂಡ ಚೆನ್ನಾಗಿ ಕೆಲಸ ಮಾಡುತ್ತದೆ. ಊಟದ ನಂತರ 200ರಿಂದ 400 ಮಿಲಿಗ್ರಾಂ, ವೈದ್ಯರ ಸಲಹೆಯಿಲ್ಲದೆ ದಿನಕ್ಕೆ 1200ಕ್ಕಿಂತ ಹೆಚ್ಚು ಬೇಡ. ಆದರೆ ಹೊಟ್ಟೆಯ ಹುಣ್ಣು, ಮೂತ್ರಪಿಂಡದ ತೊಂದರೆ, ಇಂಥ ಮಾತ್ರೆಗಳಿಂದ ಕೆರಳುವ ಉಬ್ಬಸ ಇರುವವರೂ ಗರ್ಭಿಣಿಯರೂ ಅದನ್ನು ತಾವಾಗಿ ತೆಗೆದುಕೊಳ್ಳಬಾರದು. ಶೀತದ ಮಾತ್ರೆಯಲ್ಲಿದ್ದ ಉಳಿದೆರಡು ಔಷಧಗಳಿಂದ ಗಂಟಲಿಗೆ ಪ್ರಯೋಜನವಿಲ್ಲ. ಕ್ಲೋರ್‌ಫೆನಿರಮಿನ್ ತೂಕಡಿಕೆ ತರುತ್ತದೆ, ಬಾಯಿಯನ್ನು ಒಣಗಿಸುತ್ತದೆ, ಒಣಗಿದ ಗಂಟಲು ಇನ್ನಷ್ಟು ನೋಯುತ್ತದೆ. ಬಾಯಿಯ ಮೂಲಕ ತೆಗೆದುಕೊಂಡ ಫಿನೈಲೆಫ್ರಿನ್ ಕಟ್ಟಿದ ಮೂಗನ್ನೂ ಬಿಡಿಸುವುದಿಲ್ಲವೆಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯ ತಜ್ಞರ ಸಮಿತಿ 2023ರಲ್ಲಿ ಒಮ್ಮತದಿಂದ ಹೇಳಿದೆ.

ಚೀಪುವ ಮಾತ್ರೆಗಳೆಲ್ಲ ಒಂದೇ ಎಂಬ ಭಾವನೆಯೂ ಸರಿಯಲ್ಲ. ಕೆಲವುಗಳಲ್ಲಿ ಇರುವುದು ಮೆಂಥಾಲ್ ಮತ್ತು ಸಕ್ಕರೆ ಮಾತ್ರ. ಮೆಂಥಾಲ್ ತಂಪನ್ನು ಗ್ರಹಿಸುವ ನರಗಳನ್ನು ಪ್ರಚೋದಿಸುವುದರಿಂದ ಗಂಟಲು ತಣ್ಣಗಾದಂತೆ ಅನಿಸುತ್ತದೆ, ಚೀಪುವಾಗ ಊರುವ ಜೊಲ್ಲು ಗಂಟಲನ್ನು ತೇವವಾಗಿಡುತ್ತದೆ. ಬರಿಯ ಕೆರೆತಕ್ಕೆ ಇಷ್ಟು ಸಾಕು, ಸಕ್ಕರೆ ಕಾಯಿಲೆಯಿರುವವರು ಸಕ್ಕರೆಯಿಲ್ಲದ ಬಗೆಯನ್ನು ಕೇಳಿ ಕೊಳ್ಳಬಹುದು. ಬೆಂಜೊಕೇನ್ ಇರುವ ಮಾತ್ರೆ ನಾಲಿಗೆಯನ್ನೂ ಗಂಟಲನ್ನೂ ಮರಗಟ್ಟಿಸುತ್ತದೆ. ಸ್ಪರ್ಶ ಮರಳುವವರೆಗೆ ಬಿಸಿ ಪದಾರ್ಥ ಸೇವಿಸಿದರೆ ಬಾಯಿ ಸುಟ್ಟದ್ದೂ ತಿಳಿಯುವುದಿಲ್ಲ. ಅಮೈಲ್‌ಮೆಟಾಕ್ರೆಸಾಲ್‌ನಂಥ ಕ್ರಿಮಿನಾಶಕವಿರುವ ಮಾತ್ರೆಗಳು ನೋವನ್ನು ತುಸು ಕಡಿಮೆ ಮಾಡುತ್ತವೆ, ಆದರೆ ವೈರಸ್ ಅಷ್ಟರಲ್ಲಿ ಜೀವಕೋಶಗಳ ಒಳಗೆ ಸೇರಿರುವುದರಿಂದ ಕಾಯಿಲೆಯ ದಿನಗಳು ಅವುಗಳಿಂದ ಕಡಿಮೆಯಾಗುತ್ತವೆಂದು ನಿರೀಕ್ಷಿಸಬಾರದು. ನುಂಗುವಾಗ ಚುಚ್ಚುವಂಥ ನೋವಿದ್ದರೆ ಫ್ಲರ್ಬಿಪ್ರೊಫೆನ್ 8.75 ಮಿಲಿಗ್ರಾಂ ಇರುವ ಮಾತ್ರೆ ಇವೆಲ್ಲಕ್ಕಿಂತ ಮೇಲೆಂಬುದು ನನ್ನ ಅಭಿಪ್ರಾಯ. ಇದು ಐಬುಪ್ರೊಫೆನ್‌ನ ಗುಂಪಿನದೇ ಆದ್ದರಿಂದ ಅದಕ್ಕೆ ಹೇಳಿದ ಎಚ್ಚರಿಕೆಗಳೆಲ್ಲ ಇದಕ್ಕೂ ಅನ್ವಯಿಸುತ್ತವೆ, ಎರಡನ್ನೂ ಒಟ್ಟಿಗೆ ಬಳಸಬಾರದು. 12 ವರ್ಷ ದಾಟಿದವರು ಮೂರರಿಂದ ಆರು ಗಂಟೆಗೊಂದರಂತೆ, ದಿನಕ್ಕೆ ಐದನ್ನು ಮೀರದಂತೆ, ಮೂರು ದಿನಗಳ ಮಟ್ಟಿಗೆ ಬಳಸಬಹುದು. ಮಾತ್ರೆಯನ್ನು ಕಡಿದು ನುಂಗದೆ, ಕೆನ್ನೆಯ ಒಂದೇ ಮೂಲೆಯಲ್ಲಿ ಇಟ್ಟುಕೊಳ್ಳದೆ, ಬಾಯಿಯೊಳಗೆ ಅತ್ತಿತ್ತ ಹೊರಳಿಸುತ್ತಾ ನಿಧಾನವಾಗಿ ಕರಗಿಸಿ. ಒಂದೇ ಕಡೆ ನಿಂತರೆ ಆ ಜಾಗ ಉರಿಯತೊಡಗುತ್ತದೆ.

ದ್ರಾವಣಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಒಂದು ಲೋಟ ಉಗುರುಬೆಚ್ಚಗಿನ ನೀರಿಗೆ ಅರ್ಧ ಟೀ ಚಮಚ ಉಪ್ಪು ಬೆರೆಸಿ ಗಾರ್ಗಲ್ ಮಾಡುವುದು ಬಹುಮಂದಿಗೆ ಸಾಕಾಗುತ್ತದೆ. ನೋವು ಹೆಚ್ಚಿದ್ದರೆ ಬೆಂಜಿಡಮಿನ್ ಇರುವ ದ್ರಾವಣ ಸಹಾಯ ಮಾಡುತ್ತದೆ. ಕ್ಲೋರ್‌ಹೆಕ್ಸಿಡಿನ್ ಮುಖ್ಯವಾಗಿ ಒಸಡಿನ ತೊಂದರೆಗೆ ಇರುವ ಔಷಧ, ದಿನಗಟ್ಟಲೆ ಬಳಸಿದರೆ ಹಲ್ಲಿನ ಮೇಲೆ ಕಂದು ಕಲೆ ಕೂರುತ್ತದೆ. ಪೊವಿಡೋನ್ ಅಯೋಡಿನ್ ದ್ರಾವಣವನ್ನು ಥೈರಾಯ್ಡ್ ತೊಂದರೆಯಿರುವವರೂ ಗರ್ಭಿಣಿಯರೂ ಹಾಲುಣಿಸುವ ತಾಯಂದಿರೂ ವೈದ್ಯರನ್ನು ಕೇಳದೆ ಬಳಸಬಾರದು.

ನಿಮ್ಮ ಅತ್ತೆಯವರಿಗೆ ಐಬುಪ್ರೊಫೆನ್, ಆಸ್ಪಿರಿನ್, ಫ್ಲರ್ಬಿಪ್ರೊಫೆನ್ ಯಾವುದೂ ಬೇಡ. ರಕ್ತ ತೆಳುವಾಗಿಸುವ ಮಾತ್ರೆಯ ಜೊತೆ ಇವು ಸೇರಿದರೆ ಹೊಟ್ಟೆಯೊಳಗೆ ರಕ್ತಸ್ರಾವವಾಗುವ ಅಪಾಯ ಹೆಚ್ಚುತ್ತದೆ, ಬಿಪಿ ಏರಬಹುದು, ಕೆಲವು ಬಿಪಿ ಮಾತ್ರೆಗಳ ಜೊತೆ ಮೂತ್ರಪಿಂಡಕ್ಕೂ ಪೆಟ್ಟು. ಫಿನೈಲೆಫ್ರಿನ್ ರಕ್ತನಾಳಗಳನ್ನು ಸಂಕುಚಿಸುವ ಔಷಧವಾದ್ದರಿಂದ ಶೀತದ ಮಾತ್ರೆಯನ್ನೂ ದೂರವಿಡಿ. ಉಪ್ಪುನೀರು, ಮೆಂಥಾಲ್ ಮಾತ್ರೆ, ಮಿತವಾದ ಪ್ಯಾರಾಸಿಟಮಾಲ್ ಅವರಿಗೆ ತಕ್ಕದ್ದು. ಆದರೆ ಅವರು ಸೇವಿಸುತ್ತಿರುವುದು ವಾರ್ಫರಿನ್ ಆಗಿದ್ದರೆ, ಪ್ಯಾರಾಸಿಟಮಾಲನ್ನು ಒಂದೆರಡು ದಿನಕ್ಕಿಂತ ಹೆಚ್ಚು ಬಿಡದೆ ತೆಗೆದುಕೊಳ್ಳುವ ಮುನ್ನ ಅವರ ವೈದ್ಯರಿಗೆ ತಿಳಿಸಬೇಕು.

ಮೂರು ವರ್ಷದ ಮಗುವಿಗೆ ಚೀಪುವ ಮಾತ್ರೆ ಕೊಡಲೇಬಾರದು. ಅದು ಜಾರಿ ಶ್ವಾಸನಾಳಕ್ಕೆ ಸಿಕ್ಕಿಕೊಳ್ಳಬಹುದು. ಗಾರ್ಗಲ್ ಮಾಡಲು ಆ ವಯಸ್ಸಿಗೆ ಬಾರದು. ಶೀತದ ಮಿಶ್ರಣಗಳೂ ಆಸ್ಪಿರಿನ್ನೂ ಬೇಡ. ಪ್ಯಾರಾಸಿಟಮಾಲ್ ಸಿರಪ್ಪನ್ನು ಮಗುವಿನ ತೂಕಕ್ಕೆ ತಕ್ಕಂತೆ, ಕಿಲೋ ಒಂದಕ್ಕೆ 15 ಮಿಲಿಗ್ರಾಂ ಮೀರದಂತೆ, ದಿನಕ್ಕೆ ನಾಲ್ಕು ಸಲಕ್ಕಿಂತ ಹೆಚ್ಚಿಲ್ಲದಂತೆ ಕೊಡಬಹುದು. ಒಂದು ಸೀಸೆಯಲ್ಲಿ 5 ಮಿಲಿಲೀಟರಿಗೆ 120 ಮಿಲಿಗ್ರಾಂ, ಇನ್ನೊಂದರಲ್ಲಿ 250 ಮಿಲಿಗ್ರಾಂ ಇರುವುದುಂಟು. ಹೋದ ಸಲದ ಅಳತೆಯ ನೆನಪಿನಲ್ಲಿ ಹೊಸ ಸೀಸೆಯಿಂದ ಸುರಿದರೆ ಪ್ರಮಾಣ ಎರಡರಷ್ಟಾಗಿಬಿಡುತ್ತದೆ. ಅಡುಗೆಮನೆಯ ಚಮಚ ಬಿಟ್ಟು ಸೀಸೆಯ ಜೊತೆ ಬರುವ ಅಳತೆಯ ಮುಚ್ಚಳವನ್ನೇ ಬಳಸಿ. ಮಗುವಿಗೆ ಒಂದು ವರ್ಷ ದಾಟಿರುವುದರಿಂದ ಜೇನುತುಪ್ಪ ಕೊಡಬಹುದು. ಒಂದು ವರ್ಷ ತುಂಬದ ಶಿಶುವಿಗೆ ಮಾತ್ರ ಅದು ಅಪಾಯಕಾರಿ.

ಉಳಿದ ಆರು ಆಂಟಿಬಯೋಟಿಕ್ ಮಾತ್ರೆಗಳನ್ನು ಯಾರಿಗೂ ಕೊಡಬೇಡಿ. ವೈರಸ್ಸಿಗೆ ಅವು ತಾಗುವುದಿಲ್ಲ. ಸ್ಟ್ರೆಪ್ಟೊಕಾಕಸ್ ಬ್ಯಾಕ್ಟೀರಿಯಾದ ಸೋಂಕಾಗಿದ್ದರೆ ಪೆನಿಸಿಲಿನ್ ಗುಂಪಿನ ಔಷಧವನ್ನು ಸಾಮಾನ್ಯವಾಗಿ 10 ದಿನ ಕೊಡುತ್ತಾರೆ, ಅದಕ್ಕೆ ಆರು ಮಾತ್ರೆ ಯಾವ ಮೂಲೆಗೂ ಸಾಲದು. ಮೂಗು ಸೋರುವುದು, ಕೆಮ್ಮು ವೈರಸ್ಸಿನ ಕಡೆಗೆ ಬೆರಳು ತೋರಿಸುತ್ತವೆ. ಕೆಮ್ಮಿಲ್ಲದೆ ಜ್ವರ ಬಂದು, ಕತ್ತಿನ ಗಂಟುಗಳು ಊದಿ ಮುಟ್ಟಿದರೆ ನೋಯುತ್ತಾ, ಟಾನ್ಸಿಲ್‌ಗಳ ಮೇಲೆ ಬಿಳಿ ಕೀವು ಕಂಡರೆ, ಅದರಲ್ಲೂ 5ರಿಂದ 15 ವರ್ಷದ ಮಕ್ಕಳಲ್ಲಿ, ವೈದ್ಯರಿಗೆ ತೋರಿಸಿ ಗಂಟಲಿನ ಮಾದರಿಯ ಪರೀಕ್ಷೆ ಬೇಕೇ ಎಂದು ಕೇಳಿ. ಆ ಸೋಂಕನ್ನು ಉಪೇಕ್ಷಿಸಿದರೆ ಕೆಲವರಲ್ಲಿ ರುಮ್ಯಾಟಿಕ್ ಜ್ವರ ಬಂದು ಹೃದಯದ ಕವಾಟಗಳು ಕೆಡುತ್ತವೆ. ಉಸಿರಾಟಕ್ಕೆ ತೊಂದರೆ, ನುಂಗಲಾರದೆ ಜೊಲ್ಲು ಸುರಿಯುವುದು, ಬಾಯಿ ತೆರೆಯಲಾಗದಿರುವುದು, ಒಂದೇ ಪಕ್ಕದಲ್ಲಿ ಏರುತ್ತಿರುವ ನೋವು, ಇವುಗಳಲ್ಲಿ ಒಂದು ಕಂಡರೂ ಅಂಗಡಿಗೆ ಹೋಗದೆ ನೇರವಾಗಿ ಆಸ್ಪತ್ರೆಗೆ ಹೋಗಬೇಕು.

ಪ್ರಶ್ನೆ: ಥೈರಾಯ್ಡ್ ಹೆಚ್ಚಾಗಿದೆಯೆಂದು ಎರಡು ತಿಂಗಳಿಂದ ಕಾರ್ಬಿಮಜೋಲ್ ಸೇವಿಸುತ್ತಿದ್ದೇನೆ. ನಿನ್ನೆಯಿಂದ ಗಂಟಲು ನೋವು, ಮೈ ಬೆಚ್ಚಗಿದೆ. ಯಾವ ಚೀಪುವ ಮಾತ್ರೆ ಒಳ್ಳೆಯದು?

ಉತ್ತರ: ನಿಮ್ಮ ಪತ್ರ ಸಂಚಿಕೆಯ ಅಚ್ಚಿಗಾಗಿ ಕಾಯುವಂಥದ್ದಾಗಿರಲಿಲ್ಲ, ಆದ್ದರಿಂದ ಅದು ಕೈಸೇರಿದ ದಿನವೇ ನಿಮಗೆ ಉತ್ತರ ಕಳಿಸಿದ್ದೇನೆ. ಇದೇ ಔಷಧ ಸೇವಿಸುವ ಇತರರಿಗಾಗಿ ಇಲ್ಲಿ ಮತ್ತೆ ಬರೆಯುತ್ತಿದ್ದೇನೆ. ಕಾರ್ಬಿಮಜೋಲ್ ಅಪರೂಪಕ್ಕೆ, ಹೆಚ್ಚಾಗಿ ಮೊದಲ ಮೂರು ತಿಂಗಳಲ್ಲಿ, ಸೋಂಕಿನೊಡನೆ ಹೋರಾಡುವ ಬಿಳಿ ರಕ್ತಕಣಗಳನ್ನು ತೀರಾ ಇಳಿಸಿಬಿಡುತ್ತದೆ, ಮತ್ತು ಅದರ ಮೊದಲ ಗುರುತು ಬಹುತೇಕ ಗಂಟಲು ನೋವು ಹಾಗೂ ಜ್ವರವೇ. ಮುಂದಿನ ಮಾತ್ರೆಯನ್ನು ನಿಲ್ಲಿಸಿ, ಅದೇ ದಿನ ವೈದ್ಯರನ್ನು ಕಂಡು ಬಿಳಿ ರಕ್ತಕಣಗಳ ಎಣಿಕೆ ಮಾಡಿಸಬೇಕು. ರಾತ್ರಿಯಾಗಿದ್ದರೆ ತುರ್ತು ಚಿಕಿತ್ಸಾ ವಿಭಾಗಕ್ಕೆ ಹೋಗಬೇಕು. ಎಣಿಕೆ ಸರಿಯಿದೆಯೆಂದು ತಿಳಿದ ಮೇಲೆ ವೈದ್ಯರೇ ಮಾತ್ರೆಯನ್ನು ಮುಂದುವರಿಸಲು ಹೇಳುತ್ತಾರೆ. ಕ್ಲೋಜಪಿನ್, ಮೆಥೊಟ್ರೆಕ್ಸೇಟ್ ಸೇವಿಸುವವರೂ ಗಂಟಲು ನೋವು ಬಂದ ದಿನವೇ ತಮ್ಮ ವೈದ್ಯರಿಗೆ ತಿಳಿಸಬೇಕು. ಚೀಪುವ ಮಾತ್ರೆಯ ಆಯ್ಕೆ ರಕ್ತಪರೀಕ್ಷೆಯ ಫಲಿತಾಂಶ ಬಂದ ನಂತರದ ಮಾತು.