ನೈಜೀರಿಯಾದ ಪಫ್-ಪಫ್ (ಎಣ್ಣೆಯಲ್ಲಿ ಕರಿದ ಸಿಹಿ ಹಿಟ್ಟಿನ ಉಂಡೆ) ಮನೆಯಲ್ಲಿ ಮಾಡುವುದು ಹೇಗೆ? ನಾನು ಮಾಡಿದರೆ ಚಪ್ಪಟೆಯಾಗಿ, ಎಣ್ಣೆ ಕುಡಿಯುತ್ತದೆ.

ಚಪ್ಪಟೆಯಾಗುತ್ತಿದ್ದರೆ ಹೆಚ್ಚಾಗಿ ಹಿಟ್ಟು ನೀರಾಗಿರುತ್ತದೆ, ಇಲ್ಲವೇ ಎಣ್ಣೆ ಆಳ ಸಾಲದು. 250 ಗ್ರಾಂ ಮೈದಾ, 70 ಗ್ರಾಂ ಸಕ್ಕರೆ, ಒಂದು ಟೀ ಚಮಚ ಇನ್‌ಸ್ಟಂಟ್ ಯೀಸ್ಟ್, ಚಿಟಿಕೆ ಉಪ್ಪು, ಸ್ವಲ್ಪ ತುರಿದ ಜಾಯಿಕಾಯಿ. ಜಾಯಿಕಾಯಿ ಮಾತ್ರ ಬಿಡಬೇಡಿ, ಪಫ್-ಪಫ್‌ನ ಘಮವೇ ಅದು. ಸುಮಾರು 200 ಮಿ.ಲೀ. ಉಗುರುಬೆಚ್ಚಗಿನ ನೀರಿನಲ್ಲಿ, ನಮ್ಮ ಬೋಂಡಾ ಹಿಟ್ಟಿಗಿಂತ ತುಸು ಅಂಟಂಟಾಗಿ, ಕೈಯಿಂದಲೇ ಬಡಿದು ಕಲಸಿ. ಮುಚ್ಚಿಟ್ಟರೆ ಒಂದು ಗಂಟೆಯೊಳಗೆ ಎರಡರಷ್ಟು ಉಬ್ಬಿ, ಮೇಲೆಲ್ಲ ಗುಳ್ಳೆ ಏಳುತ್ತವೆ.

ಇನ್ನು ಕೈಚಳಕ. ಬೆರಳು ಒದ್ದೆ ಮಾಡಿ ನೀರು ಕೊಡವಿಕೊಳ್ಳಿ. ಮುಷ್ಟಿ ತುಂಬ ಹಿಟ್ಟು ಹಿಡಿದು ಮೆಲ್ಲಗೆ ಹಿಂಡಿದರೆ ಹೆಬ್ಬೆರಳು, ತೋರುಬೆರಳಿನ ಸಂದಿಯಿಂದ ನಿಂಬೆಗಾತ್ರದ ಉಂಡೆ ಹೊರಬರುತ್ತದೆ. ಅದನ್ನು ಎಣ್ಣೆಗೆ ಹತ್ತಿರದಿಂದಲೇ ಬಿಡಿ. ಎಣ್ಣೆ ನಾಲ್ಕು ಬೆರಳು ಆಳ, ಸುಮಾರು 175 ಡಿಗ್ರಿ ಸೆಲ್ಸಿಯಸ್ ಇರಲಿ. ಕಾವು ಕಡಿಮೆಯಾದರೆ ಎಣ್ಣೆ ಹೀರುತ್ತದೆ, ಜಾಸ್ತಿಯಾದರೆ ಒಳಗೆ ಹಸಿ ಉಳಿಯುತ್ತದೆ. ಚೆನ್ನಾಗಿ ಉಬ್ಬಿದ ಉಂಡೆ ಎಷ್ಟೋ ಸಲ ತಾನಾಗಿಯೇ ಮಗುಚಿಕೊಳ್ಳುತ್ತದೆ, ನೋಡಲು ಬಲು ಚೆಂದ!

ಘಾನಾದಲ್ಲಿ ಇದರದೇ ಬಗೆಯದು ಬೋಫ್ರೊಟ್. ಕ್ಯಾಮರೂನಿನವರು ಪಫ್-ಪಫ್ ಅನ್ನು ಖಾರದ ಹುರುಳಿಕಾಯಿ ಬೀಜದ ಪಲ್ಯದ ಜೊತೆ ತಿನ್ನುತ್ತಾರೆ. ಸಕ್ಕರೆ ಇಳಿಸಿ ಹಾಗೆಯೂ ಒಮ್ಮೆ ಮಾಡಿ ನೋಡಿ.