ಪಿ0562: ಬ್ಯಾಟರಿ ಬದಲಿಸಿದರೂ ಕೋಡ್ ಹೋಗುತ್ತಿಲ್ಲ

ಕಾರಿಗೆ ಹೊಸ ಬ್ಯಾಟರಿ ಹಾಕಿ ಕೋಡ್ ಅಳಿಸಿದ ಮೇಲೂ ಪಿ0562 (ಕಾರಿನ ಕಂಪ್ಯೂಟರ್ ತೋರಿಸುವ ದೋಷದ ಕೋಡ್) ಮತ್ತೆ ಬರುತ್ತಿದೆ ಅಂದಿರಿ ಅಲ್ವಾ? ಆ ಕೋಡ್ ಹೇಳುವುದು ವೋಲ್ಟೇಜ್ ಕಡಿಮೆಯಾಗಿದೆ ಅಂತ ಮಾತ್ರ, ಬ್ಯಾಟರಿ ಕೆಟ್ಟಿದೆ ಅಂತಲ್ಲ. ಈಗ ಸುಮ್ನೆ ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರ್‌ಗೂ ದುಡ್ಡು ಸುರಿಯಬೇಡಿ. ಮೊದಲು ಮಲ್ಟಿಮೀಟರ್ ಹಿಡಿಯಿರಿ. ಎಂಜಿನ್ ಓಡುವಾಗ ಬ್ಯಾಟರಿಯಲ್ಲಿ ಸಾಮಾನ್ಯವಾಗಿ 13.5ರಿಂದ 14.7 ವೋಲ್ಟ್ ಇರುತ್ತದೆ.

ನನಗೆ ಅರ್ತ್ ವೈರಿನ (ಬ್ಯಾಟರಿಯ ಮೈನಸ್‌ನಿಂದ ಎಂಜಿನ್, ಬಾಡಿಗೆ ಹೋಗುವ ವೈರ್) ಮೇಲೇ ಅನುಮಾನ ಜಾಸ್ತಿ. ಎಂಜಿನ್ ಓಡುತ್ತಿರಲಿ, ಹೆಡ್‌ಲೈಟ್, ಬ್ಲೋವರ್ ಹಾಕಿ. ಮೀಟರಿನ ಒಂದು ತುದಿ ಬ್ಯಾಟರಿಯ ಮೈನಸ್‌ಗೆ, ಇನ್ನೊಂದು ಎಂಜಿನ್ನಿನ ಬರಿ ಲೋಹಕ್ಕೆ ತಾಗಿಸಿ. 0.2 ವೋಲ್ಟಿಗಿಂತ ಹೆಚ್ಚು ತೋರಿಸಿದರೆ ತೊಂದರೆ ಅಲ್ಲೇ ಇದೆ. ಎಂಜಿನ್ ಆಫ್ ಮಾಡಿ, ವೈರ್ ಬಿಚ್ಚಿ, ತುಕ್ಕು ಉಜ್ಜಿ, ಬಿಗಿಯಾಗಿ ಕೂರಿಸಿ. ಬ್ಯಾಟರಿ ಟರ್ಮಿನಲ್ ಸಡಿಲ ಉಳಿದಿದೆಯಾ ಅಂತಲೂ ನೋಡಿ. ಅಳೆದ ಅಂಕಿಗಳನ್ನು ಇಲ್ಲೇ ಹಾಕಿ, ಮುಂದಿನದು ಹೇಳುತ್ತೇನೆ.