ಎಂಆರ್‌ಐ ಕೋಣೆಯಲ್ಲಿ ಕೆಲಸ ಮಾಡುವವರು ತೋಳಿಗೆ ಶುಗರ್ ಸೆನ್ಸರ್ ಹಾಕಿಕೊಳ್ಳಬಹುದಾ?

ಬೆಳಗಾವಿಯಲ್ಲಿ ಎಂಆರ್‌ಐ ಟೆಕ್ನಿಷಿಯನ್ ಆಗಿರುವ ನೀವು, ರಕ್ತದ ಸಕ್ಕರೆಯನ್ನು ಸದಾ ಅಳೆದು ಬ್ಲೂಟೂತ್ ಮೂಲಕ ಫೋನಿಗೆ ಕಳಿಸುವ ಸೆನ್ಸರ್ ಹಾಕಿಕೊಂಡೇ ಡ್ಯೂಟಿ ಮಾಡಬಹುದಾ ಅಂತ ಕೇಳಿದ್ದೀರಿ. ಕಂಟ್ರೋಲ್ ರೂಮಿನಲ್ಲಿ ತೊಂದರೆ ಇಲ್ಲ. ಯೋಚಿಸಬೇಕಾದದ್ದು ಪೇಶೆಂಟನ್ನು ಮಲಗಿಸಲು ಒಳಗೆ ಹೋಗುವ ಆ ಕೆಲವು ನಿಮಿಷಗಳ ಬಗ್ಗೆ. ಸ್ಕ್ಯಾನ್ ನಡೆಯದಿದ್ದರೂ 1.5 ಅಥವಾ 3 ಟೆಸ್ಲಾ (ಅಯಸ್ಕಾಂತದ ಬಲದ ಅಳತೆ) ಮ್ಯಾಗ್ನೆಟ್ ಹಗಲೂ ರಾತ್ರಿ ಆನ್ ಇರುತ್ತದೆ. ನಾಣ್ಯದಷ್ಟು ಅಗಲದ ಸೆನ್ಸರಿನೊಳಗೆ ಬ್ಯಾಟರಿ, ಸರ್ಕ್ಯೂಟ್ ಇವೆ. ಎಷ್ಟೋ ಮಾಡೆಲ್‌ಗಳ ಕೈಪಿಡಿಯಲ್ಲಿ ಎಂಆರ್‌ಐಗೆ ಮೊದಲು ಸೆನ್ಸರ್ ತೆಗೆದಿಡಿ ಎಂದಿದೆ. ಕೆಲವಕ್ಕೆ ಷರತ್ತಿನ ಮೇಲೆ ಅನುಮತಿ ಇದೆ. ಒಮ್ಮೆ ಕಿತ್ತರೆ ಮತ್ತೆ ಅಂಟಿಸಲು ಆಗುವುದಿಲ್ಲ, ಅಲ್ವಾ? ಅದಕ್ಕೇ ಕೊಳ್ಳುವ ಮೊದಲೇ ಓದಿ, ನಿಮ್ಮಲ್ಲಿ ಎಂಆರ್ ಸುರಕ್ಷತೆ ನೋಡಿಕೊಳ್ಳುವವರಿಗೆ ತೋರಿಸಿ.

ಜಾಸ್ತಿ ಜನ ಗಮನಿಸದ ಮಾತು ಇನ್ನೊಂದಿದೆ. ರೇಡಿಯೋ ತರಂಗ ತಡೆಯಲು ಆ ಕೋಣೆಯ ಗೋಡೆಯೊಳಗೆ ತಾಮ್ರದಂಥ ಲೋಹದ ಹಾಳೆ ಇರುತ್ತದೆ. ಫೋನ್ ಹೊರಗೇ ಬಿಡಬೇಕು, ಬಾಗಿಲು ಹಾಕಿದರೆ ಬ್ಲೂಟೂತ್ ದಾಟುವುದಿಲ್ಲ. ಒಳಗಿದ್ದಾಗ ಶುಗರ್ ಇಳಿದರೆ ಅಲಾರ್ಮ್ ನಿಮಗೆ ಕೇಳಿಸುವುದೇ ಇಲ್ಲ. ಬೆಳಿಗ್ಗೆ ಒಂದು ರೊಟ್ಟಿ ತಿಂದು, ಮಧ್ಯಾಹ್ನ ಮೂರಾದರೂ ಬುತ್ತಿ ಬಿಚ್ಚದ ದಿನಗಳಲ್ಲಿ ಇದೇ ನನಗೆ ಭಯ. ಬಾಗಿಲ ಹತ್ತಿರ ನಿಂತು ಒಂದ್ಸಲ ರೀಡಿಂಗ್ ನೋಡಿ. ಶುಗರ್ ಎತ್ತ ಸಾಗುತ್ತಿದೆ ಎಂದು ತೋರಿಸುವ ಬಾಣ ಕೆಳಮುಖವಾಗಿದ್ದರೆ ಜೊತೆಗಾರರನ್ನು ಕಳಿಸಿ, ನೀವು ಏನಾದರೂ ತಿನ್ನಿ. ಇನ್ಸುಲಿನ್ ಪಂಪ್ ಇದ್ದರೆ ಅದನ್ನು ಒಳಗೆ ಒಯ್ಯಲೇಬೇಡಿ. ಹೊರಬಂದ ಮೇಲೆ ರೀಡಿಂಗ್ ಬಗ್ಗೆ ಅನುಮಾನ ಬಂದರೆ ಬೆರಳು ಚುಚ್ಚಿ ಗ್ಲೂಕೋಮೀಟರಿನಲ್ಲಿ ನೋಡಿಕೊಳ್ಳಿ.